ಅಕ್ಕರಾಯಿ

ಮೂಗಿನಿಂದ ಸೋರಿದ ನೆತ್ತರು ಹೆಪ್ಪುಗಟ್ಟಿರಲಿಲ್ಲ.
ಅಷ್ಟೇ ನೋಡಿದೆ. ಜೆಸಿಬಿ ನಿಲ್ಲಿಸು ಅಂದೆ.

ರೊಳ್ಳದಾಚೆ, ಹುಣಸೆತೋಪಿನ ತಗ್ಗಿನಲ್ಲಿ
ಕೃಷಿಹೊಂಡ ತೋಡುತ್ತಿದ್ದರು.
ಎಬ್ಬಿದ ಮಣ್ಣಿನಂಚಲ್ಲಿ ಮೇದ ಮೂರು ಕುರಿ
ಬೆಳಗಾಗುವಷ್ಟರಲ್ಲಿ ಕಾಲು ಚಾಚಿದ್ದವು.
ಯಾರೋ ಚೂರಿ ಮಸೆಯುತ್ತಿದ್ದ:
ಸತ್ತರೇನು, ಮಾಂಸ ಮಾಂಸವೇ ತಾನೆ.
ಕೊಯ್ಯಬೇಡ್ರೋ, ಅದಕ್ಕೆ ಗಾಳಿ ತೋರಿಸಬೇಡ್ರೋ
ಎಂದು ಕೂಗಿದವನು ನಾನು. ದನಿ ನನ್ನ ತಾತನದು.
ತಾತನ ದನಿಯೊಳಗೆ ಇನ್ನೊಬ್ಬಳದು.

ಹಿಲ್ಡಾ ಆಕ್ರಾಯ್ಡ್.
ನಮ್ಮೂರ ಬಾಯಿಗೆ ಅಕ್ಕರಾಯಿ.

ಬ್ರಾಡ್‌ಫರ್ಡ್ ಎಂಬಲ್ಲಿ ಉಣ್ಣೆ ವಿಂಗಡಿಸುವವನ ಮಗಳು.
ಕಡಲು ದಾಟಿ ಬಂದ ಮೂಟೆ ಬಿಚ್ಚಿ
ಒರಟು ಒಂದು ಕಡೆ, ನಯ ಒಂದು ಕಡೆ ಹಾಕುತ್ತ
ಸೋಮವಾರ ಕೆಮ್ಮಿದ ಅಪ್ಪ
ಗುರುವಾರ ಮಣ್ಣಾದ.
ಯಾವ ದೇಶದ ಕುರಿಯದು,
ಅಪ್ಪನ ಎದೆಯೊಳಗೆ ಹೋಗಿ ಮೇದದ್ದು?
ಹದಿಮೂರರ ಹುಡುಗಿಯ ಆ ಪ್ರಶ್ನೆ
ಅವಳನ್ನು ಓದಿಸಿತು,
ಗಂಡಸರ ಪ್ರಯೋಗಶಾಲೆಯಲ್ಲಿ ಆರು ವರ್ಷ ಗಾಜು ತೊಳೆಸಿತು,
ಮೂವತ್ತನಾಲ್ಕರ ಬೇಸಿಗೆಯಲ್ಲಿ
ಮಡಕಶಿರದ ಸೀಮೆಗೆ ತಂದು ಇಳಿಸಿತು.
ಗಾಡಿಯಿಂದ ಮೊದಲು ಮೈಕ್ರೋಸ್ಕೋಪಿನ ಪೆಟ್ಟಿಗೆ,
ಆಮೇಲೆ ಅವಳು.

ಪೆಟ್ಟಿಗೆ ಹೊತ್ತವನು ನನ್ನ ತಾತ ಕಾಟಪ್ಪ.
ಹಟ್ಟಿಯವರು ಕುರಿ ತೋರಿಸಲಿಲ್ಲ.
ಬಿಳಿಯರು ಎಣಿಸಿದರೆ ಹುಲ್ಲುಬನ್ನಿ ಏರುತ್ತದೆಂದು
ಯಾರಿಗೆ ಗೊತ್ತಿಲ್ಲ?
ಮೂರು ದಿನ ಮಗ್ಗದ ಪಕ್ಕ ಸುಮ್ಮನೆ ಕೂತಳು,
ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯುವುದ ನೋಡುತ್ತ.
ಕೊನೆಗೆ ಒಂದು ಎಳೆ ಉಣ್ಣೆ ಬೆರಳಲ್ಲಿ ಹೊಸೆದು, ಕಣ್ಣು ಮುಚ್ಚಿ,
ಎರಡನೇ ಕತ್ತರಿ, ಭುಜದ್ದು ಅಂದಳಂತೆ.
ಹೌದಿತ್ತು.
ನಾಲ್ಕನೇ ದಿನ ಬೇಲಿ ತೆರೆಯಿತು.

ಕೊಳವೆಯಲ್ಲಿ ಕಣ್ಣಿಟ್ಟ ತಾತನಿಗೆ ಕಂಡದ್ದು
ಗಿಣ್ಣು ಗಿಣ್ಣಾಗಿ ನೀಲಿ ಬಿದಿರು.
ಗಾಜಿನ ತಟ್ಟೆಯಲ್ಲಿ ರಾತ್ರಿಯೆಲ್ಲ ಬೆಳೆದದ್ದು
ಗುಂಗುರು ಗುಂಗುರು, ಥೇಟು ಉಣ್ಣೆ.
ಕೊಂದದ್ದು ಕುರಿಯ ವೇಷ ಹಾಕಿದೆಯಲ್ಲವ್ವ, ಅಂದ.
ಅವಳು ನಗಲಿಲ್ಲ.

ಐದು ವರ್ಷ ಚುಚ್ಚಿದಳು.
ಮೊದಲ ವರ್ಷ ಅವಳ ಸೂಜಿಗೇ ಇಪ್ಪತ್ತೆರಡು ಸತ್ತವು;
ಅಗಳಿ ಸಂತೆಯ ದರದಲ್ಲಿ, ಸಂಬಳದಿಂದ,
ಒಂದೊಂದಕ್ಕೂ ಎಣಿಸಿಕೊಟ್ಟಳು.
ಐದನೇ ವರ್ಷ ಒಂದೂ ಸಾಯಲಿಲ್ಲ.
ಆ ವರದಿ ಮೇಲಿನವನ ಹೆಸರಲ್ಲಿ ಅಚ್ಚಾಯಿತು.
ಅಡಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ: ನೆರವು, ಕುಮಾರಿ ಆಕ್ರಾಯ್ಡ್.
ಕಾಟಪ್ಪನ ಹೆಸರು ಅಲ್ಲೂ ಇಲ್ಲ.

ಯುದ್ಧ ಮುಗಿದ ಮೇಲೆ ಒಂದು ಕಾಗದ ಬಂತು.
ತಾತನೇ ಮರಳಲ್ಲಿ ತಿದ್ದಿಸಿದ ಕನ್ನಡ,
ಒತ್ತಕ್ಷರ ಒಂದೂ ಹತ್ತಿರಲಿಲ್ಲ.
ಕಾಟಪ, ನಮ ಬೀಜ ಕೇಳಿದರು. ಊರುಗಳ ಮೇಲೆ ಬಿತಲು.
ನನ ಹತಿರ ಇಲ ಅಂದೆ.
ಇತು.

ಆಮೇಲೆ ಏನು ಮಾಡಿದಳು?
ಒಲೆಗೆ ಹಾಕಿದಳೋ, ಕೆಲಸ ಬಿಟ್ಟಳೋ,
ಕೊಟ್ಟೇಬಿಟ್ಟಳೋ.
ಇನ್ನರ್ಧ ಕಾಗದ ಗೆದ್ದಲು ಓದಿಕೊಂಡಿತು.

ಅವಳು ಹುಗಿಸಿದ ಹಳೇ ಕುರಿಗಳು ಇಲ್ಲೇ ಇದ್ದವು,
ಈ ತಗ್ಗಿನಲ್ಲೇ, ಸುಣ್ಣದ ಕೆಳಗೆ.
ಗುರುತಿಗೆ ನೆಟ್ಟ ಕಲ್ಲಿನ ಮೇಲೆ
ಲಚುಮಕ್ಕ ಈಗ ಬಟ್ಟೆ ಒಗೆಯುತ್ತಾಳೆ, ತನ್ನ ಹಿತ್ತಲಲ್ಲಿ.
ತಂದವರಾರು ಅಂದರೆ ಅತ್ತೆಯ ಕಾಲದ್ದು ಅನ್ನುತ್ತಾಳೆ.

ಕೈಗವಸು ಹಾಕಿ, ಕಿವಿಯ ತುದಿಯಿಂದ ಒಂದು ತೊಟ್ಟು
ಗಾಜಿನ ಮೇಲೆ ಎಳೆದೆ.
ಅನಂತಪುರದ ಲ್ಯಾಬಿಗೆ ಹೋಗುವ ಫಾರಮ್ಮು ತೆಲುಗಿನದು;
ಅನುಮಾನ: ದೊಮ್ಮ, ಎಂದು ಬರೆದೆ.
ನಮ್ಮ ಹಟ್ಟಿಯಲ್ಲಿ ನೆರಡಿ.
ತೊಂಬತ್ತು ವರ್ಷ ಹೆಸರಿಲ್ಲದೆ ಕಾದದ್ದು
ಯಾವುದಕ್ಕೆ ಓಗೊಡುತ್ತದೋ.

ಎಷ್ಟಡಿ ಸಾರ್, ಅಂತಾನೆ ಜೆಸಿಬಿ ಹುಡುಗ.
ಅವಳು ಏಳು ಅಂದಿದ್ದಳಂತೆ.
ಎಂಟು ತೋಡು, ಅಂದೆ. ಬೇರೆ ಕಡೆ, ನೀರಿಂದ ದೂರ.
ಸುಣ್ಣ ಸಾಲದು. ಅಗಳಿಯಿಂದ ಟ್ರಾಕ್ಟರು ಬರಬೇಕು.
ಬರುವ ತನಕ
ನಾಯಿಗಳನ್ನು ಅಟ್ಟುತ್ತ ಕೂತಿದ್ದೇನೆ.